ಟವೆಲ್ ಪದದ ಕಡೆಯ ನುಡಿ

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ಚಿಕ್ಕವನಿದ್ದಾಗ ತಮ್ಮನ ತಟ್ಟೆಯ ಶೇಂಗಾ ಹೋಳಿಗೆ ನನ್ನದಕ್ಕಿಂತ ದೊಡ್ಡದೆಂದು ಅತ್ತವನು ನಾನು. ಆದರೆ ನಲವತ್ತಾರು ದಾಟಿ, ಕನ್ನಡಕ ಬಂದು, ನಾಲ್ಕು ಜನ ‘ಸಾಹೇಬ್ರ’ ಎನ್ನುವ ವಯಸ್ಸಿನಲ್ಲಿ ಬಂದ ಹೊಟ್ಟೆಕಿಚ್ಚೇ ಬೇರೆ. ಅದು ಒಂದು ರವಿವಾರ ಬಾದಾಮಿ ಬಸ್ಸಿನಿಂದ ಇಳಿದು, ಇಳಕಲ್ಲಿನ ಹಳೆಯ ಕ್ವಾರಿಯವರೆಗೆ ಬಿಸಿಲಲ್ಲಿ ನಡೆದುಕೊಂಡು ಬಂತು. ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಡಬ್ಬಿಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಹಚ್ಚಿದ ಚುರುಮರಿ ಇತ್ತು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಹುನಗುಂದದ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕೂತು ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು ಟೈಪ್ ಮಾಡಿಕೊಡುವವನು. ನಮ್ಮ ಕಡೆ ಬಾಂಡ್ ರೈಟರ್ ಎನ್ನುತ್ತಾರೆ. ವಾರವಿಡೀ ‘ನಾನು ಈ ಮೂಲಕ ಪ್ರಮಾಣ ಮಾಡುವುದೇನೆಂದರೆ’ ಎಂದು ಹೊಡೆದು ಹೊಡೆದು, ಈಗ ಬೆರಳುಗಳು ಆ ವಾಕ್ಯವನ್ನು ನನ್ನನ್ನು ಕೇಳದೆಯೇ ಮುಗಿಸುತ್ತವೆ. ರವಿವಾರ ಮಾತ್ರ ನಾನು ಬೇರೆ ಮನುಷ್ಯ. ಏಳು ವರ್ಷಗಳಿಂದ, ಹದಿನೈದು ದಿನಕ್ಕೊಮ್ಮೆ, ಇಳಕಲ್ಲಿಗೆ ಹೋಗಿ ಕ್ವಾರಿಯ ಮಂದಿಯ ಪದಗಳನ್ನು, ಅಂದರೆ ಹಾಡುಗಳನ್ನು, ಬರೆದುಕೊಂಡು ಬರುತ್ತೇನೆ.

ಅದು ಕೆಂಪು ಗ್ರಾನೈಟ್ ತೆಗೆದು ಬಿಟ್ಟುಹೋದ ಕ್ವಾರಿ. ಮೂರು ಕಡೆ ಕೊಯ್ದು ನಿಲ್ಲಿಸಿದಂಥ ಕಲ್ಲಿನ ಗೋಡೆ, ಒಂದು ಮೂಲೆಯಲ್ಲಿ ಹಸಿರುಗಟ್ಟಿದ ನೀರು. ಅಲ್ಲಿ ನಿಂತು ಆಡಿದ ಮಾತು ತಿರುಗಿ ನಮ್ಮ ಕಿವಿಗೇ ಬರುತ್ತದೆ, ಹಾಗಾಗಿ ಮೈಕಿನ ಹಂಗಿಲ್ಲ. ಕಲ್ಲು ಪಾಲಿಶ್ ಮಾಡುವವರು, ಮಗ್ಗದವರು, ಬಾಗಲಕೋಟೆಯಿಂದ ಬರುವ ಆಟೋದವರು, ಕುರಿ ಸಾಕುವ ಮನೆಯ ಕಾಲೇಜು ಹುಡುಗರು ಅಲ್ಲಿ ಸೇರುತ್ತಾರೆ. ತಾವು ಹಾಡುವುದು ರ‍್ಯಾಪ್ ಎಂದು ಅವರೇ ಹೇಳುತ್ತಾರೆ. ನನ್ನ ಕಿವಿಗೆ ಅದರಲ್ಲಿ ಮೊಹರಮ್ಮಿನ ರಿವಾಯತ್ ಪದದ ಎಳೆತ ಕೇಳುತ್ತದೆ, ಬೀರಪ್ಪನ ಡೊಳ್ಳಿನ ಪದದ ಸವಾಲು ಕೇಳುತ್ತದೆ. ತಾಳಕ್ಕೆ ಎರಡು ಖಾಲಿ ಎಣ್ಣೆ ಡಬ್ಬಿ.

ಮೊಬೈಲ್ ಮಾತ್ರ ಯಾರೂ ಕೈಯಲ್ಲಿ ಹಿಡಿಯುವಂತಿಲ್ಲ. ಬಂದ ಕೂಡಲೇ ಎಲ್ಲರೂ ಒಂದು ಬುಟ್ಟಿಯಲ್ಲಿ ಹಾಕಬೇಕು. ಹಿಂದೊಮ್ಮೆ ಯಾರೋ ವಿಡಿಯೊ ಮಾಡಿ ಹರಿಬಿಟ್ಟು, ಹಾಡಿದ ಹೆಣ್ಣುಮಕ್ಕಳ ಮನೆಗಳಲ್ಲಿ ದೊಡ್ಡ ರಂಪವಾಗಿತ್ತು. ಅಂದಿನಿಂದ ಆ ಪದಗಳಿಗೆ ಇರುವ ಒಂದೇ ಲೆಕ್ಕಪತ್ರವೆಂದರೆ ನನ್ನ ನೋಟ್‌ಬುಕ್ಕು, ಮತ್ತು ನಾನು ತಿಂಗಳಿಗೊಮ್ಮೆ ತರುವ ನಾಲ್ಕು ಪುಟದ ಝೆರಾಕ್ಸ್ ಪತ್ರಿಕೆ. ಒಂದೇ ಹಾಳೆ, ನಡುವೆ ಮಡಚಿದ್ದು. ಅದು ಕೈಯಿಂದ ಕೈಗೆ ಬಾಗಲಕೋಟೆ, ಬಾದಾಮಿ, ಆಚೆ ಮರೋಳದ ತನಕ ಹೋಗುತ್ತದೆ. ಅದರ ಸಂಪಾದಕ, ವರದಿಗಾರ, ಹಂಚುವವ ಎಲ್ಲ ನಾನೇ.

ಕ್ವಾರಿಯಲ್ಲಿ ಒಂದು ರೂಢಿಯಿದೆ, ಅಜ್ಜಂದಿರ ಪದಗಳಿಂದ ಬಂದದ್ದು. ಪ್ರತಿ ಪದಕ್ಕೂ ಕೊನೆಯಲ್ಲಿ ಒಂದು ಕಡೀ ನುಡಿ ಇರಬೇಕು. ಅದರಲ್ಲಿ ಹಾಡಿದವರ ಊರು, ಕಲಿಸಿದ ಉಸ್ತಾದರು, ಕೈಹಿಡಿದವರು, ಕಡೆಗೆ ಕಟ್ಟಿದವರ ಹೆಸರು ಬರಬೇಕು. ಕಡೀ ನುಡಿ ಇಲ್ಲದ ಪದ ‘ಊರ ಪದ’, ಅಂದರೆ ವಾರಸುದಾರರಿಲ್ಲದ್ದು. ಅದಕ್ಕೆ ಯಾರು ಬೇಕಾದರೂ ತಮ್ಮ ಹೆಸರಿನ ನುಡಿ ಕಟ್ಟಿಕೊಂಡು ಹಾಡಬಹುದು. ಆದರೆ ಇನ್ನೊಬ್ಬರ ಕಡೀ ನುಡಿ ಕಿತ್ತು ಹಾಡಿದವರಿಗೆ ಕ್ವಾರಿಯಲ್ಲಿ ಮತ್ತೆ ಜಾಗವಿಲ್ಲ.

ಏಳು ವರ್ಷಗಳಲ್ಲಿ ನಾನು ಇಂಥ ಎಷ್ಟೋ ಕಡೀ ನುಡಿ ಬರೆದುಕೊಂಡಿದ್ದೇನೆ. ಎಣ್ಣೆ ಡಬ್ಬಿ ಕೊಟ್ಟ ಕಿರಾಣಿ ಅಂಗಡಿಯವನ ಹೆಸರು ಅವುಗಳಲ್ಲಿ ಬಂದಿದೆ. ಚಹಾದ ಕೆಟಲ್ ಹೊತ್ತು ತರುವವನದು ಬಂದಿದೆ. ಒಬ್ಬ ಪುಣ್ಯಾತ್ಮ ತನ್ನ ಟಗರಿನ ಹೆಸರನ್ನೂ ಸೇರಿಸಿದ್ದಾನೆ. ನನ್ನದು ಒಮ್ಮೆಯೂ ಬಂದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಟಗರಿನ ಹೆಸರು ಬಂದ ದಿನ ಮಾತ್ರ ಮನೆಗೆ ಹೋಗಿ ಊಟ ಬಿಟ್ಟಿದ್ದೆ.

ಹೀಗಿರುವಾಗ ಬಾದಾಮಿಯ ಅಕ್ಕೋರು ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಮೊದಲ ದಿನವೇ ಅವರಿಗೆ ಕೂರಲು ಯಾರೋ ಕಲ್ಲಿನ ಮೇಲೆ ಗೋಣಿಚೀಲ ಹಾಸಿದರು. ಏಳು ವರ್ಷ ನಾನು ಬರಿಗಲ್ಲಿನ ಮೇಲೆ ಕೂತು ಮೂಲವ್ಯಾಧಿ ತಂದುಕೊಂಡವನು, ನನಗೊಂದು ಚಿಂದಿ ಬಟ್ಟೆಯನ್ನೂ ಯಾರೂ ಹಾಸಿರಲಿಲ್ಲ. ಅವರೂ ಬರೆಯುತ್ತಾರೆಂದು ಆಮೇಲೆ ಗೊತ್ತಾಯಿತು. ಆದರೆ ಪದ ನಡೆದಾಗ ಅವರು ಪೆನ್ನು ಮುಟ್ಟುತ್ತಿರಲಿಲ್ಲ. ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು, ನಗುವಲ್ಲಿ ನಗುತ್ತಿದ್ದರು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರ ಪಕ್ಕ ಕೂತು, ಆ ಸಾಲು ಇನ್ನೊಮ್ಮೆ ಹೇಳು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದವನು; ಏಳು ವರ್ಷ ಹಾಡುವವರಿಗೆ ಕಂಡದ್ದು ನನ್ನ ನೆತ್ತಿ ಮಾತ್ರ. ಇದನ್ನು ಈಗ ಹೇಳುತ್ತಿದ್ದೇನೆ, ಆಗ ಹೊಳೆದಿರಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು. “ಆ ಅಕ್ಕೋರು ನಿಮಗೇನ್ ಮಾಡ್ಯಾರ? ಎರಡು ವಾರಾತು, ಅವ್ರ ಚುರುಮರಿ ಸುದ್ದಿನ ಹೇಳಾಕತ್ತೀರಿ.”

“ಉಪ್ಪು ಜಾಸ್ತಿ ಹಾಕ್ತಾರ” ಎಂದೆ. ಖರೆ ಹೇಳಬೇಕೆಂದರೆ ಚುರುಮರಿ ಭಾಳ ಚೆನ್ನಾಗಿರುತ್ತಿತ್ತು.

ಇನ್ನು ಟವೆಲ್ ಪದದ ಸಂಗತಿ. ಅದನ್ನು ಕಟ್ಟಿದವಳು ಇಳಕಲ್ಲಿನ ಒಬ್ಬ ಹುಡುಗಿ, ಇಪ್ಪತ್ತೈದು-ಇಪ್ಪತ್ತಾರು ಇರಬೇಕು. ಮುಸ್ಲಿಂ ನೇಕಾರರ ಮನೆ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ ಅವಳದು. ಅವಳಜ್ಜ ಮೊಹರಮ್ಮಿನಲ್ಲಿ ರಿವಾಯತ್ ಹಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಆ ದನಿ ಇವಳ ಗಂಟಲಿಗೆ ಬಂದು ಕೂತಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಗಂಡಸರ ಮೇಲೆ ಒಂದು ಪದ ಕಟ್ಟುತ್ತಿದ್ದೇನೆಂದು ಅವಳು ಮೊದಲು ಹೇಳಿದ್ದು ನನಗೇ. ಒಂದು ಸಾಲು ಕೂಡುತ್ತಿಲ್ಲ, ಹೇಳ್ರಿ ಕಾಕಾ ಎಂದಿದ್ದಳು. ನಾನು ಒಂದು ವಾರ ತಲೆ ಕೆರೆದುಕೊಂಡು, ‘ಪ್ರಯಾಣಿಕರ ಹಕ್ಕನು ಕಸಿಯುವುದು ಕಾನೂನುಬಾಹಿರವು’ ಎಂಬ ಸಾಲು ಕೊಟ್ಟೆ. ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು, “ಚಲೋ ಐತಿ ಕಾಕಾ” ಎಂದಳು. ನಕ್ಕದ್ದು ನನಗೆ ಕಾಣಲಿಲ್ಲವೆಂದು ಅವಳು ತಿಳಿದಳು.

ಮುಂದಿನ ಸಲ ಪೂರಾ ಪದ ಹಾಡಿದಳು:

ಕಿಟಕ್ಯಾಗಿಂದ ಟವೆಲ್ ಬಂತು, ಹಿಂದಿನಿಂದ ಧಣಿ ಬಂದ,
ಕುಂತಾಕಿನ್ನ ಎಬ್ಬಿಸಿ, ಏಳಬೇ, ಇದು ನನ್ನ ಸೀಟಂದ.
ಟವೆಲ್ಲಿಗಿ ಕಾಲಿಲ್ಲೋ ಧಣಿ, ನನಗ ಎರಡು ಕಾಲದಾವ,
ಮುಂಜಾನಿಂದ ನಿಂತು ನಿಂತು ಎರಡೂ ಸೀಟು ಕೇಳ್ತಾವ.

ಕ್ವಾರಿಯಲ್ಲಿ ಸೀಟಿ ಬಿತ್ತು. ನನ್ನ ಕೈಯೂ ಒಂದು ಗಳಿಗೆ ನಿಂತಿತು. ಅಷ್ಟು ಚೆಂದದ ಸಾಲು ಅದು. ಆಮೇಲೆ ಕಡೀ ನುಡಿ ಬಂತು: ಇಳಕಲ್ಲ ಊರು, ಅಜ್ಜ ಉಸ್ತಾದ, ಮತ್ತೆ ‘ಕಾಲಿಗಿ ಸೀಟು ಕೇಳಾಕ ಕಲಿಸಿದ ಬಾದಾಮಿ ಅಕ್ಕೋರು’ ಎಂದು ಅಕ್ಕೋರ ಹೆಸರು, ಕಡೆಗೆ ಅವಳ ಹೆಸರು. ಕಾಲು ಸೀಟು ಕೇಳುವ ಆ ಸಾಲನ್ನು ಕೊಟ್ಟವರು ಅವರು. ಬಂದು ಎರಡು ತಿಂಗಳಾಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡೆ, ಅಕ್ಷರ ಮಾತ್ರ ಸೊಟ್ಟಗಾದವು.

ಮಂಗಳವಾರ ಕೋರ್ಟಿನಲ್ಲಿ ಕೆಲಸ ಕಡಿಮೆಯಿತ್ತು. ಪತ್ರಿಕೆಯ ನಾಲ್ಕನೆಯ ಪುಟಕ್ಕೆ ಟವೆಲ್ ಪದವನ್ನು ಟೈಪ್ ಮಾಡಿದೆ. ಕಡೀ ನುಡಿಯನ್ನೂ ಮಾಡಿದೆ. ಅಕ್ಕೋರ ಹೆಸರು ನನ್ನ ಪರದೆಯ ಮೇಲೆ, ನನ್ನ ಪತ್ರಿಕೆಯಲ್ಲಿ, ನಾನೇ ಹೊಡೆದ ಅಕ್ಷರದಲ್ಲಿ ಕೂತಿತು. ಪತ್ರಿಕೆಗೆ ಬೇಕಾದದ್ದು ಪದ, ಆಭಾರ ಮನ್ನಣೆಯ ಭಾಷಣ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ನುಡಿಯನ್ನು ಅಳಿಸಿದೆ. ಏಳು ವರ್ಷದಲ್ಲಿ ಒಂದು ಕಡೀ ನುಡಿಯನ್ನೂ ಬಿಟ್ಟವನಲ್ಲ ನಾನು. ಅಳಿಸಿದ ಜಾಗಕ್ಕೆ ಒಂದು ಹೂವಿನ ಗುರುತಾದರೂ ಇಡಬೇಕಿತ್ತು, ಅದೂ ಹೊಳೆಯಲಿಲ್ಲ. ಹಾಗೆಯೇ ಝೆರಾಕ್ಸಿಗೆ ಕೊಟ್ಟು ಚಹಾ ಕುಡಿಯಲು ಹೋದೆ.

ಆ ಹಾಳೆ ಬಾಗಲಕೋಟೆಗೆ ಹೋಯಿತು. ಅಲ್ಲಿ ಒಬ್ಬ ಹಾಡುಗಾರನಿದ್ದಾನೆ. ಆಟೋ ಓಡಿಸುತ್ತಾನೆ, ಮದುವೆಗಳಲ್ಲಿ ಆರ್ಕೆಸ್ಟ್ರಾ ಜತೆ ಹಾಡುತ್ತಾನೆ, ಬಿಡುವಾದಾಗ ಕ್ವಾರಿಗೂ ಬರುತ್ತಾನೆ. ಅವಳು ಹಾಡಿದ ದಿನ ಅವನು ಬಂದಿರಲಿಲ್ಲ. ಹಾಳೆಯಲ್ಲಿ ಪದ ನೋಡಿದ, ಕಡೀ ನುಡಿ ಇಲ್ಲ, ಊರ ಪದ ಎಂದು ತಿಳಿದ. ತನ್ನ ಹೆಸರಿನ ನುಡಿ ಕಟ್ಟಿ ಮದುವೆಯೊಂದರಲ್ಲಿ ಹಾಡಿದ. ಅಲ್ಲಿ ಮೊಬೈಲಿನ ಬುಟ್ಟಿ ಇರಲಿಲ್ಲವಲ್ಲ, ವಾರದೊಳಗೆ ಆ ವಿಡಿಯೊ ಬಾದಾಮಿಯ ಚಹಾದಂಗಡಿಯಲ್ಲೂ ಹುನಗುಂದದ ಬಸ್ ನಿಲ್ದಾಣದಲ್ಲೂ ಕೇಳತೊಡಗಿತು. ರೂಢಿಯ ಪ್ರಕಾರ ಅವನದು ಏನೂ ತಪ್ಪಿಲ್ಲ.

ಮುಂದಿನ ಸಲ ಕ್ವಾರಿಯಲ್ಲಿ ಇಳಕಲ್ಲಿನ ಹುಡುಗಿ ಟವೆಲ್ ಪದ ಎತ್ತಿಕೊಂಡಳು. ಎರಡು ಸಾಲು ಆಗಿರಲಿಲ್ಲ, ಹಿಂದಿನಿಂದ ಯಾರೋ, “ಇದು ಬಾಗಲಕೋಟಿಯವಂದು ಐತೆಲಾ, ಮೊಬೈಲ್‌ನ್ಯಾಗ ನೋಡೇನಿ” ಎಂದರು. ಅವಳು ಹಾಡಿದ್ದನ್ನು ಮೊದಲ ದಿನ ಕೇಳಿದವರು ಕಡಿಮೆ. ಆ ವಾರ ಊರಲ್ಲಿ ಮದುವೆಗಳಿದ್ದು ಡಬ್ಬಿ ಬಾರಿಸುವ ಹಿರಿಯನೂ ಬಂದಿರಲಿಲ್ಲ; ಬಂದಿದ್ದ ಮೂರು-ನಾಲ್ಕು ಹುಡುಗರು ಈ ಸಲ ಇರಲಿಲ್ಲ. ಬಾಗಲಕೋಟೆಯವನೂ ಅಲ್ಲೇ ಇದ್ದ. ಜೇಬಿನಿಂದ ನನ್ನ ಹಾಳೆ ತೆಗೆದು, “ನೋಡ್ರಿ, ಛಾಪಿಸಿದ್ದು ಐತಿ. ಹೆಸರಿಲ್ಲ, ಊರಿಲ್ಲ. ನಾ ಯಾರದೂ ಕದ್ದಿಲ್ಲ” ಎಂದ. ಅವನ ದನಿಯಲ್ಲಿ ಗರ್ವವಿರಲಿಲ್ಲ, ಗಾಬರಿಯಿತ್ತು.

ಈಗ ಪೇಚಿಗೆ ಸಿಕ್ಕವಳು ಅವಳು. ಊರ ಪದಕ್ಕೆ ಅವನೇ ಮೊದಲು ನುಡಿ ಕಟ್ಟಿದ್ದೆಂದರೆ, ಅವಳು ಅದನ್ನು ಕಿತ್ತು ತನ್ನದು ಹಾಡಿದಂತೆ, ಅಂದರೆ ಕದ್ದಂತಾಗುತ್ತದೆ. ಕದ್ದವರಿಗೆ ಕ್ವಾರಿ ಇಲ್ಲ. ಅವಳಿಗೆ ಹಾಡಲು ಇದ್ದದ್ದು ಅದೊಂದೇ ಜಾಗ. ಮನೆಯಲ್ಲಿ ಮಗ್ಗದ ಸದ್ದಿನಡಿ ಗುನುಗುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅಕ್ಕೋರು ಎದ್ದು ನಿಂತರು. “ಆಕೀನ ಕಟ್ಟ್ಯಾಳ. ನಾ ಇದ್ದೆ. ಕಡೀ ನುಡಿನೂ ಹಾಡ್ಯಾಳ” ಎಂದರು.

“ನಿಮ್ಮ ಹೆಸರು ಅದರಾಗ ಐತಿ ಅಂತೀರಿ, ನೀವ ಸಾಕ್ಷಿ ಆದ್ರ ಹೆಂಗ್ರಿ ಅಕ್ಕೋರ?” ಎಂದ ಡಬ್ಬಿ ಬಾರಿಸುವ ಹಿರಿಯ. “ರೈಟರ್ ಕಾಕಾ ಬರಕೊಂಡಿರತಾರ. ಅವ್ರ ಹೇಳ್ಲಿ.”

ಏಳು ವರ್ಷದಲ್ಲಿ ಮೊದಲ ಸಲ ಎಲ್ಲರ ಮುಖ ನನ್ನ ಕಡೆ ತಿರುಗಿತು. ಬಯಸಿದ್ದು ಇದನ್ನೇ, ಆದರೆ ಹೀಗಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿಯೇ ಹೆಗಲ ಚೀಲದ ಮೇಲೆ ಹೋಯಿತು. ನೋಟ್‌ಬುಕ್ಕು ಅದರೊಳಗೇ ಇತ್ತು.

“ಆ ನೋಟ್‌ಬುಕ್ ಮನ್ಯಾಗ ಉಳದೈತಿ” ಎಂದೆ.

ಹಿರಿಯ ತಲೆದೂಗಿದ. ಹದಿನೈದು ದಿನ ಬಿಟ್ಟು ನೋಡೋಣ, ಅಲ್ಲಿತನಕ ಆ ಪದ ಇಬ್ಬರೂ ಹಾಡಬಾರದು ಎಂದು ತೀರ್ಮಾನವಾಯಿತು. ಅವಳು ಬುಟ್ಟಿಯಿಂದ ಮೊಬೈಲ್ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಮೇಲೆ ಹತ್ತಿ ಹೋದಳು. ಆ ದಿನ ಚುರುಮರಿ ಹಾಗೆಯೇ ಉಳಿಯಿತು.

ಎರಡು ದಿನ ಬಿಟ್ಟು ಅವಳು ಹುನಗುಂದಕ್ಕೆ ಬಂದಳು. ಬೇವಿನ ಮರದ ಕೆಳಗೆ ನನ್ನ ಟೇಬಲ್ಲಿನ ಮುಂದೆ ನಿಂತು, “ಕಾಕಾ, ಒಂದ ಅಫಿಡವಿಟ್ ಮಾಡಿಕೊಡ್ರಿ. ಆ ಪದ ನಂದು ಅಂತ” ಎಂದಳು.

ಕೂರಲು ಸ್ಟೂಲ್ ಸರಿಸಿದೆ. ಬೆರಳುಗಳು ಶುರು ಮಾಡಿದವು: ನಾನು ಈ ಮೂಲಕ ಪ್ರಮಾಣ ಮಾಡುವುದೇನೆಂದರೆ. ಊರು, ವಯಸ್ಸು, ಉದ್ಯೋಗ. ಸದರಿ ಪದವನ್ನು ನಾನೇ ಸ್ವತಃ ರಚಿಸಿದ್ದು. ಸದರಿ ಪದವು ಪತ್ರಿಕೆಯಲ್ಲಿ ಪ್ರಕಟವಾಗುವಾಗ ಕಡೆಯ ನುಡಿಯು ಬಿಟ್ಟುಹೋಗಿದ್ದು, ಅದಕ್ಕೆ ಕಾರಣ. ಅಲ್ಲಿಗೆ ಬೆರಳು ನಿಂತವು.

“ಕಾರಣ ಏನು ಬರೀತೀರಿ?” ಎಂದಳು.

“ಜಾಗಾ ಸಾಲಲಿಲ್ಲವಾ.”

ಅವಳು ಚೀಲದಿಂದ ಪತ್ರಿಕೆ ತೆಗೆದು ಟೇಬಲ್ಲಿನ ಮೇಲೆ ಬಿಡಿಸಿದಳು. ನಾಲ್ಕನೆಯ ಪುಟದ ತಳದಲ್ಲಿ ತನ್ನ ಬೆರಳು ಅಡ್ಡ ಇಟ್ಟು ಅಳೆದಳು. ದಿನವೂ ಎಳೆ ಅಳೆಯುವ ಕೈ ಅದು. “ಇಲ್ಲೆ ನಾಕು ಬೆರಳು ಖಾಲಿ ಐತಿ ಕಾಕಾ. ನನ್ನ ಕಡೀ ನುಡಿಗಿ ಮೂರು ಸಾಕಿತ್ತು.”

ಪಕ್ಕದ ಟೇಬಲ್ಲಿನ ಬಾಂಡ್ ರೈಟರ್ ಯಾರದೋ ಕರಾರು ಜೋರಾಗಿ ಓದಿ ಹೇಳುತ್ತಿದ್ದ. ನನಗೆ ಓಡಿಹೋಗಬೇಕೆನಿಸಿತು. ಇಪ್ಪತ್ತು ವರ್ಷಗಳಿಂದ ಬೇರೆಯವರ ಸುಳ್ಳಿಗೂ ಖರೆಗೂ ಒಂದೇ ಅಕ್ಷರ ಹೊಡೆದುಕೊಟ್ಟವನು. ಸಹಿ ಇಲ್ಲದ ಕಾಗದಕ್ಕೆ ಬೆಲೆಯಿಲ್ಲವೆಂದು ದಿನಕ್ಕೆ ಹತ್ತು ಮಂದಿಗೆ ಹೇಳುವವನು. ನಾನು ಅವಳ ಸಹಿಯನ್ನೇ ಕತ್ತರಿಸಿದ್ದೆ.

“ನನಗ ಹೊಟ್ಟಿಕಿಚ್ಚಾತವಾ” ಎಂದೆ. “ಅಕ್ಕೋರ ಹೆಸರು ಬಂತು. ನಂದು ಬರಲಿಲ್ಲ.”

ಬೈಯುತ್ತಾಳೆಂದು ಕಾದೆ. ಅವಳು, “ನನ್ನ ಹೆಸರು ಹಾಕ್ರಿ ಅಂತ ಒಂದ ಸಲನಾದ್ರೂ ಬಾಯಿ ಬಿಟ್ಟು ಕೇಳೀರೇನು? ನೀವು ಪೇಪರ್‌ನವರು, ಹೆಸರು ಹೇಳಿದ್ರ ಸಿಟ್ಟಾಗ್ತೀರಿ ಅಂತ ನಾವೆಲ್ಲಾ ಬಿಟ್ಟಿದ್ವಿ” ಎಂದಳು. ಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡಳು. “ಅಕ್ಕೋರ ಮ್ಯಾಲಿನ ಸಿಟ್ಟು ನನ್ನ ಪದದ ಮ್ಯಾಲ ತೀರಿಸಿದ್ರಿ. ಅಫಿಡವಿಟ್ ಬ್ಯಾಡ ಬಿಡ್ರಿ. ನೋಟ್‌ಬುಕ್ ತರ್ರಿ, ಎಲ್ಲಾರ ಮುಂದ ಓದ್ರಿ. ಆಮ್ಯಾಲ ನನ್ನ ಸಹಿ ನಾನ ಹಾಕ್ತೇನಿ.”

ಉಳಿದ ದಿನಗಳು ಹೇಗೆ ಕಳೆದವೋ. ಜ್ವರ ಬಂದರೆ ಚೆನ್ನಾಗಿತ್ತು ಎಂದುಕೊಂಡೆ, ಬರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಮಾಡಿದ್ದುಣ್ಣೋ ಮಹಾರಾಯ” ಎಂದಳು. ರವಿವಾರ ಬೆಳಿಗ್ಗೆ ಮಾತ್ರ ನೋಟ್‌ಬುಕ್ಕನ್ನು ತಾನೇ ಚೀಲದಲ್ಲಿಟ್ಟು, ಮರೆತೇನೋ ಎಂದು ಬಾಗಿಲವರೆಗೆ ಬಂದು ನೋಡಿದಳು.

ಕ್ವಾರಿಯಲ್ಲಿ ಆ ದಿನ ಜನ ಹೆಚ್ಚಿದ್ದರು. ಬಾಗಲಕೋಟೆಯವನು ಮೊದಲೇ ಬಂದು ಕೂತಿದ್ದ. ಅಕ್ಕೋರು ಎಂದಿನ ಗೋಣಿಚೀಲದ ಮೇಲಿದ್ದರು. ನಾನು ನಿಂತು ಓದಿದೆ. ಪೂರಾ ಪದ, ಆಮೇಲೆ ಕಡೀ ನುಡಿ: ಇಳಕಲ್ಲು, ಅಜ್ಜ, ಅಕ್ಕೋರ ಹೆಸರು, ಅವಳ ಹೆಸರು. ಅಕ್ಕೋರ ಹೆಸರನ್ನು ನನ್ನ ಬಾಯಿಂದಲೇ ಜೋರಾಗಿ ಹೇಳಿದೆ. ಕಲ್ಲಿನ ಗೋಡೆ ಅದನ್ನು ಇನ್ನೊಮ್ಮೆ ಹೇಳಿತು. “ಪೇಪರ್‌ನ್ಯಾಗ ಇದನ್ನ ಬಿಟ್ಟಾವ ನಾನು. ಜಾಗಾ ಇತ್ತು. ಮನಸ್ಸಿನ್ಯಾಗ ಇರಲಿಲ್ಲ” ಎಂದು ಹೇಳಿ ಕೂತೆ.

ಬಾಗಲಕೋಟೆಯವನು ಎದ್ದು ಬಂದ. ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಝಾಡಿಸಿ, ಅವಳು ನಿಲ್ಲುವ ಕಲ್ಲಿನ ಮೇಲೆ ಹಾಸಿದ. “ತಂಗಿ, ಈ ಸೀಟು ನಿಂದು. ಇನ್ನ ಮ್ಯಾಲ ಮದವ್ಯಾಗ ಹಾಡಿದ್ರ ನಿನ್ನ ಕಡೀ ನುಡಿ ಕೂಡೇ ಹಾಡ್ತೇನಿ” ಎಂದ. ಡಬ್ಬಿಗಳು ಶುರುವಾದವು. ಅವಳು ಹಾಡಿದಳು. ನಾನು ರೂಢಿಯಂತೆ ತಲೆ ಬಗ್ಗಿಸಿ ಬರೆಯುತ್ತ ಹೋದೆ. ಗೊತ್ತಿರುವ ಪದವೇ, ಆದರೂ ಬರೆದೆ. ಕಡೆಗೆ ಬಂದಾಗ ಅದು ಹಳೆಯ ನುಡಿಯಾಗಿರಲಿಲ್ಲ:

ಸೆರಗ ಕತ್ತರಿಸಿ ಸೀರಿ ಮಾರಿದ್ರ ಉಡಾವ್ರು ಯಾರ ಹೇಳ್ರಿ,
ಇಳಕಲ್ಲ ಅಜ್ಜನ ಮೊಮ್ಮಗಳ ಪದಾ, ತುದೀತನಕಾ ಕೇಳ್ರಿ.
ಬಾದಾಮಿ ಅಕ್ಕೋರು ಅಕ್ಷರ ಕೊಟ್ಟರು, ಅಜ್ಜ ಕೊಟ್ಟ ದನಿ,
ನನ್ನ ಸೀಟಿಗಿ ಟವೆಲ್ ಒಗದಾವ ಹುನಗುಂದ ರೈಟರ್ ಧಣಿ.

ಧಣಿ ಎಂದ ಮೇಲೆ ನನ್ನ ಹೆಸರು, ಅಪ್ಪ ಇಟ್ಟ ಪೂರ್ತಿ ಹೆಸರು ಹಾಡಿದಳು. ಆಮೇಲೆ ತನ್ನ ಹೆಸರು. ಕ್ವಾರಿಗೆ ಕ್ವಾರಿಯೇ ನಕ್ಕಿತು. ಡಬ್ಬಿ ಬಾರಿಸುವ ಹಿರಿಯನಿಗೆ ತಾಳ ತಪ್ಪಿತು. ಅವಳು ನಗದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಪೆನ್ನು ‘ದನಿ’ ಎಂಬಲ್ಲಿ ನಿಂತುಬಿಟ್ಟಿತ್ತು.

“ಬರಕೊಳ್ಳ್ರಿ ಕಾಕಾ” ಎಂದಳು. “ಮತ್ತ ಜಾಗಾ ಇಲ್ಲ ಅನಬ್ಯಾಡ್ರಿ.”

ಕಣ್ಣು ಮಂಜಾಗಿತ್ತು, ಕನ್ನಡಕ ಒರೆಸಿಕೊಂಡು ಬರೆದೆ. ಅಕ್ಕೋರು ಪಕ್ಕಕ್ಕೆ ಸರಿದು ಗೋಣಿಚೀಲದ ಮೇಲೆ ಅರ್ಧ ಜಾಗ ಮಾಡಿ, “ಬರ್ರಿ, ಇಲ್ಲೆ ಕುಂತ ಬರೀರಿ” ಎಂದರು. ಹೋಗಿ ಕೂತೆ. ಏಳು ವರ್ಷಕ್ಕೆ ಮೊದಲ ಸಲ ಕೆಳಗೆ ಮೆತ್ತಗಿತ್ತು.

ಆ ತಿಂಗಳ ಪತ್ರಿಕೆಯಲ್ಲಿ ಟವೆಲ್ ಪದವನ್ನು ಮೊದಲ ಪುಟಕ್ಕೇ ಹಾಕಿದೆ, ಕಡೀ ನುಡಿಯನ್ನು ದಪ್ಪ ಅಕ್ಷರದಲ್ಲಿ. ಈಗ ಅದು ಮದುವೆಗಳಲ್ಲಿ ಕೇಳುತ್ತದೆ, ಬಸ್ಸಿನಲ್ಲಿ ಕೇಳುತ್ತದೆ. ಇಳಕಲ್ಲಿನ ಬಸ್ ಹತ್ತಿದರೆ ಕಂಡಕ್ಟರ್, “ಬರ್ರಿ ಧಣಿ, ಟವೆಲ್ ತಂದೀರೇನು?” ಎನ್ನುತ್ತಾನೆ. ನಾನು ಬೇಕಾದರೆ ಹುನಗುಂದದಿಂದ ಇಳಕಲ್ಲಿನವರೆಗೂ ನಿಂತೇ ಹೋಗುತ್ತೇನೆ, ಖಾಲಿ ಸೀಟಿದ್ದರೂ ಕೂರುವುದಿಲ್ಲ. ಕ್ವಾರಿ ಇರುವವರೆಗೆ, ಅದರಾಚೆಗೂ, ನನ್ನ ಹೆಸರು ಆ ಪದದಲ್ಲಿ ಇರುತ್ತದೆ. ನಾನು ಬಯಸಿದ್ದು ಅದನ್ನೇ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಇಷ್ಟೆಲ್ಲ ಹೇಳಿದ ಮೇಲೆ ಮುಚ್ಚಿಡುವುದೇನಿದೆ. ಆ ಪುಟವನ್ನು ಟೈಪ್ ಮಾಡುವಾಗ ಮತ್ತೆ ಒಂದು ಗಳಿಗೆ ಬೆರಳು ನಿಂತಿತ್ತು. ಅಲ್ಲಿಯೂ ಅಕ್ಕೋರು ನನಗಿಂತ ಒಂದು ಸಾಲು ಮೇಲಿದ್ದರು.